ಡೆಟ್ರಾಯ್ಟ್ ಗೆದ್ದ ಮಾರನೇ ದಿನ

ಬೇರೆ ಮನೆಗಳಲ್ಲಿ ಆಸ್ತಿಗೋ ಅಡುಗೆಗೋ ಜಗಳವಾದರೆ ನಮ್ಮ ಮನೆಯಲ್ಲಿ ಬೇಸ್‌ಬಾಲಿಗೆ ಆಗುತ್ತದೆ, ಅದೂ ದಸರಾ ಬಂತೆಂದರೆ ತಪ್ಪದೆ ಆಗುತ್ತದೆ. ಇದರಲ್ಲಿ ನಮ್ಮ ತಪ್ಪೇನಿಲ್ಲ. ಈ ದೇಶದವರು ತಮ್ಮ ಬೇಸ್‌ಬಾಲ್ ಫೈನಲ್ಲನ್ನು ಅಕ್ಟೋಬರ್‌ನಲ್ಲಿ ಇಟ್ಟುಕೊಂಡಿದ್ದಾರೆ, ನಮ್ಮ ಚಾಮುಂಡಿಯೂ ಅದೇ ಹೊತ್ತಿಗೆ ಬರುತ್ತಾಳೆ. ಹೀಗಾಗಿ ನಮ್ಮಲ್ಲಿ ಒಂದು ಕಣ್ಣು ಗೊಂಬೆಯ ಮೇಲೆ, ಇನ್ನೊಂದು ಕಣ್ಣು ಟಿವಿಯ ಮೇಲೆ.

ನಾನು ಶಿಕಾಗೋ ಪಕ್ಕದ ಡೌನರ್ಸ್ ಗ್ರೋವ್‌ನಲ್ಲಿದ್ದೇನೆ. ಅಕ್ಕ, ಭಾವ ಡೆಟ್ರಾಯ್ಟ್ ಪಕ್ಕದ ಡಿಯರ್‌ಬಾರ್ನ್‌ನಲ್ಲಿದ್ದಾರೆ. ನಡುವೆ ಐದು ಗಂಟೆಯ ಡ್ರೈವ್. ಅಮ್ಮ ಹೋದ ಮೇಲೆ ಮೈಸೂರಿನ ಮನೆ ಬೇರೆಯವರ ಪಾಲಾಯಿತು. ಈಗ ನನಗೆ ತವರುಮನೆ ಅಂತ ಉಳಿದಿರುವುದು ಹೈವೇಯ ಆ ತುದಿಯಲ್ಲಿರುವ ಅಕ್ಕನ ಮನೆ ಒಂದೇ. ಅಲ್ಲಿ ಹೋಗಿ ಕಾಲು ಚಾಚಿ ಕೂತರೆ ಅಕ್ಕ ಕೇಳದೆಯೇ ಕಾಫಿ ತಂದುಕೊಡುತ್ತಾಳೆ. ಅಮೆರಿಕದಲ್ಲಿ ಬೇರೆ ಯಾರೂ ನನಗೆ ಕೇಳದೆ ಕಾಫಿ ಕೊಟ್ಟಿಲ್ಲ.

ನನ್ನ ಗಂಡ ಶಿಕಾಗೋ ಕಡೆ, ಭಾವ ಡೆಟ್ರಾಯ್ಟ್ ಕಡೆ. ಷಡ್ಡಕರಿಬ್ಬರೂ ಸೇರಿದರೆ ಒಂದೇ ಚರ್ಚೆ: ಬೇಸ್‌ಬಾಲ್ ಫೈನಲ್‌ಗಳ ಚರಿತ್ರೆಯಲ್ಲೇ ಮರೆಯಲಾಗದ ಗಳಿಗೆ ಯಾವುದು? ಹತ್ತು ವರ್ಷದ ಹತ್ತಿರ ಆಯಿತು, ತೀರ್ಮಾನವಾಗಿಲ್ಲ.

೧. ಕೈಯಲ್ಲಿದ್ದದ್ದು

ಭಾವನ ಪ್ರಕಾರ ಆ ಗಳಿಗೆ ಎಂಬತ್ನಾಲ್ಕರದು. ಡೆಟ್ರಾಯ್ಟ್ ಗೆದ್ದ ವರ್ಷ. ಅದನ್ನು ವರ್ಣಿಸುವಾಗ ಭಾವ ಕೂತಲ್ಲಿ ಕೂರುವುದಿಲ್ಲ.

"ಎದುರು ಟೀಮಿನ ಚೆಂಡೆಸೆಯೋ ಪಿಚರ್ ನಮ್ಮ ಆಟಗಾರನ್ನ ಹೊಡೆಯೋಕೇ ಬಿಡದೆ ಸುಮ್ನೆ ಮೊದಲನೇ ಬೇಸಿಗೆ ನಡೆಸಿ ಕಳಿಸಿಬಿಡಬಹುದಿತ್ತು ಕಣ್ರೀ. ಕೋಚ್ ಬಂದು ಹೇಳಿದ. ಇಲ್ಲ, ನಾನು ಔಟ್ ಮಾಡ್ತೀನಿ ಅಂತ ಹಟ ಹಿಡಿದ. ನಮ್ಮವನು ಬ್ಯಾಟ್ ಎತ್ತಿ ನಿಂತ. ಚೆಂಡು ಬಂತು. ಆಮೇಲೆ ನೋಡಿದ್ರೆ ಚೆಂಡು ಮೇಲಿನ ಗ್ಯಾಲರೀಲಿ! ಇಡೀ ಸ್ಟೇಡಿಯಂ ಅಲ್ಲಾಡಿಹೋಯ್ತು!"

ಹೀಗೆ ಹೇಳುತ್ತ ಕೈಯೆತ್ತಿ ಚೆಂಡು ಹೋದ ದಾರಿಯನ್ನು ತೋರಿಸುತ್ತಾರೆ. ಅವರ ಕಣ್ಣು ಆ ಚೆಂಡಿನ ಹಿಂದೆ ಫ್ಯಾನ್ ದಾಟಿ ಅಡುಗೆಮನೆಯ ಬಾಗಿಲ ತನಕ ಹೋಗುತ್ತದೆ. ಮೊದಲ ಸಲ ಕೇಳಿದಾಗ ನಾನು ಬೆರಗಾಗಿ, "ನೀವು ಯಾವ ಸ್ಟ್ಯಾಂಡಲ್ಲಿ ಕೂತಿದ್ರಿ ಭಾವ?" ಅಂದೆ.

ಭಾವ ನೀರು ಕುಡಿಯಲು ಎದ್ದರು. ಅಕ್ಕ ಉತ್ತರ ಕೊಟ್ಟಳು. ಭಾವ ಓದಲು ಆನ್ ಆರ್ಬರ್‌ಗೆ ಬಂದಿಳಿದದ್ದು ಎಂಬತ್ತೈದರಲ್ಲಿ. ಒಂದು ವರ್ಷ ತಡ. ಆಮೇಲೆ ಕೆಲಸ ಸಿಕ್ಕಿದ ಡಿಯರ್‌ಬಾರ್ನ್ ಆಫೀಸಿನಲ್ಲಿ ಊಟದ ಹೊತ್ತಿಗೆ ಎಲ್ಲರದೂ ಅದೇ ಮಾತಂತೆ, ಆವತ್ತು ನೀನೆಲ್ಲಿದ್ದೆ, ನಾನೆಲ್ಲಿದ್ದೆ ಅಂತ. ಒಬ್ಬ ಅಪ್ಪನ ಹೆಗಲ ಮೇಲಿದ್ದ, ಇನ್ನೊಬ್ಬ ಮದುವೆ ಊಟ ಬಿಟ್ಟು ಓಡಿದ್ದ. ಇವರಿಗೆ ಮಾತ್ರ ಹೇಳಿಕೊಳ್ಳಲು ಏನೂ ಇರಲಿಲ್ಲ. ಕೇಳಿ ಕೇಳಿ ಅದನ್ನು ತಮ್ಮದೇ ಮಾಡಿಕೊಂಡರು. ಅಂದಿನಿಂದ ಡೆಟ್ರಾಯ್ಟ್ ಮತ್ತೆ ಗೆದ್ದಿಲ್ಲ. ಎರಡು ಸಲ ಫೈನಲ್ ತನಕ ಹೋಗಿ ಸೋತು ಬಂದಿದೆ. ಒಂದು ಊರಿಗೆ ಹಬ್ಬ ಮುಗಿದ ಮೇಲೆ ಬಂದು, ಮುಂದಿನ ಹಬ್ಬಕ್ಕೆ ಕಾಯುತ್ತ ತಲೆ ಬೆಳ್ಳಗೆ ಮಾಡಿಕೊಂಡವರು ನಮ್ಮ ಭಾವ. ಅವರನ್ನು ನೋಡಿದರೆ ನನಗೆ ನಗುವೂ ಬರುತ್ತದೆ, ಸಂಕಟವೂ ಆಗುತ್ತದೆ.

"ಹಾಗಾದ್ರೆ ಆ ಚೆಂಡು ಗ್ಯಾಲರಿಗೆ ಬಿದ್ದಾಗ ಭಾವ ಎಲ್ಲಿದ್ರು?" ಅಂದೆ.

"ಮೈಸೂರಲ್ಲಿ, ದಸರಾ ಎಕ್ಸಿಬಿಷನ್ನಲ್ಲಿ" ಅಂದಳು ಅಕ್ಕ. "ಅವರ ಕೈಯಲ್ಲಿ ಆಗ ಇದ್ದದ್ದು ದೊಡ್ಡ ಹಪ್ಪಳ."

೨. ಕಾಲು ಗಂಟೆ

ನಮ್ಮನೆಯವರ ಕಥೆ ಇದಕ್ಕಿಂತ ಮಜಬೂತಾಗಿದೆ. ಶಿಕಾಗೋದಲ್ಲಿ ಎರಡು ತಂಡಗಳಿವೆ, ಉತ್ತರದ್ದೊಂದು, ದಕ್ಷಿಣದ್ದೊಂದು. ಅಯ್ಯಂಗಾರರ ವಡಗಲೆ ತೆಂಗಲೆ ಜಗಳ ನೋಡಿದವರಿಗೆ ಹೆಚ್ಚು ವಿವರಿಸಬೇಕಿಲ್ಲ. ಇವರು ಉತ್ತರದವರು. ಆ ತಂಡ ಗೆದ್ದು ನೂರೆಂಟು ವರ್ಷವಾಗಿತ್ತು. ಜನ ಒಂದು ಇಡೀ ಅಷ್ಟೋತ್ತರ ಮುಗಿಸಿ ಕೂತಿದ್ದರು ಅನ್ನಿ.

ಕೊನೆಗೂ ಆ ವರ್ಷ ಬಂತು. ಫೈನಲ್ ಅಂದರೆ ಇಲ್ಲಿ ಏಳು ಮ್ಯಾಚು, ನಾಲ್ಕು ಗೆದ್ದವರು ಗೆದ್ದಂತೆ. ಮೂರು ಮೂರು ಸಮ ಆಗಿ ಏಳನೆಯದಕ್ಕೆ ಬಂದು ನಿಂತಿತ್ತು. ಆಡಬೇಕಾದ ಒಂಬತ್ತೂ ಇನಿಂಗ್ಸ್ ಮುಗಿದಾಗ ಅದರಲ್ಲೂ ಸ್ಕೋರು ಸಮ. ನಮ್ಮನೆಯವರು ಉಗುರು ಕಚ್ಚಿ ಮುಗಿಸಿ ದಿಂಬಿನ ಅಂಚು ಕಚ್ಚುತ್ತಿದ್ದರು. ಆಗ ಮಳೆ ಬಂತು. ಮೈದಾನದ ಮೇಲೆ ಕವರ್ ಎಳೆದರು.

ಇವರು ಬೆಂಗಳೂರಿನಲ್ಲಿ ಕ್ರಿಕೆಟ್ ನೋಡಿಕೊಂಡು ಬೆಳೆದವರು. ಕವರ್ ಎಳೆದರು ಅಂದರೆ ಏನರ್ಥ ಅಂತ ಇವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಟಿವಿ ಆರಿಸಿ ಎದ್ದರು.

"ಮುಗೀತಾ?" ಅಂದೆ.

"ಇನ್ನೆಲ್ಲಿ? ಔಟ್‌ಫೀಲ್ಡ್ ಒದ್ದೆ ಆಗಿದೆ. ನಾಳೆ ರಿಸರ್ವ್ ಡೇ" ಅಂತ ಅಧಿಕಾರವಾಣಿಯಿಂದ ಹೇಳಿ ಮಲಗಿದರು.

ಸ್ವಲ್ಪ ಹೊತ್ತಿಗೆ ಹೊರಗೆ ಒಂದೇ ಸಮನೆ ಪಟಾಕಿ. ಆ ವರ್ಷ ದೀಪಾವಳಿ ಆಗಿ ಎರಡು ಮೂರು ದಿನವಾಗಿತ್ತಷ್ಟೆ. ಇವರು ಅರೆಗಣ್ಣಲ್ಲಿ ಎದ್ದು, "ಹಬ್ಬ ಮುಗಿದ್ರೂ ಹೊಡೀತಾನೇ ಇದಾರಲ್ಲ, ನಮ್ಮವರಿಗೆ ಸ್ವಲ್ಪವೂ ಸಿವಿಕ್ ಸೆನ್ಸ್ ಇಲ್ಲ" ಅಂತ ಬೈದು, ಕಿಟಕಿ ಭದ್ರ ಮಾಡಿ ಮತ್ತೆ ಮುಸುಕೆಳೆದರು.

ಬೆಳಿಗ್ಗೆ ಡಿಯರ್‌ಬಾರ್ನ್‌ನಿಂದ ಫೋನು. ಭಾವ ಇವರನ್ನು ಹೆಸರು ಹಿಡಿದು ಕರೆಯುವುದಿಲ್ಲ, ಶಿಕಾಗೋ ಅಂತಲೇ ಕರೆಯುತ್ತಾರೆ.

"ಏನ್ರೀ ಶಿಕಾಗೋ, ಕಂಗ್ರಾಜುಲೇಷನ್ಸ್!"

"ಈಗಲೇ ಯಾಕೆ ಭಾವ? ಮ್ಯಾಚ್ ಇವತ್ತಲ್ವಾ?"

ಆ ಮಳೆ ಕಾಲು ಗಂಟೆಯಲ್ಲಿ ನಿಂತಿತ್ತು. ಬೇಸ್‌ಬಾಲಿನಲ್ಲಿ ಎಷ್ಟು ಹೊತ್ತಾದರೂ ಸರಿ, ಒಬ್ಬರು ಗೆಲ್ಲುವ ತನಕ ಆಡಲೇಬೇಕು. ಹತ್ತನೆಯ ಇನಿಂಗ್ಸಿನಲ್ಲಿ ಶಿಕಾಗೋ ಗೆದ್ದು, ಇಡೀ ಊರು ಬೀದಿಗೆ ಬಂದು ಕುಣಿದಿತ್ತು, ನಮ್ಮ ಮನೆಯೊಂದನ್ನು ಬಿಟ್ಟು. ಇವರು ಫೋನ್ ಹಿಡಿದುಕೊಂಡೇ ಸೋಫಾದ ಮೇಲೆ ಕುಸಿದರು. ಆಮೇಲೆ ರೀಪ್ಲೇ ನೂರು ಸಲ ನೋಡಿದರು. ಆದರೆ ಗೆದ್ದದ್ದು ಗೊತ್ತಿದ್ದೂ ಉಗುರು ಕಚ್ಚುವುದು ಎಷ್ಟು ಕಷ್ಟ ಅಂತ ಅವರಿಗೇ ಗೊತ್ತು.

ಭಾವ ಸಮಾಧಾನ ಮಾಡುವ ದನಿಯಲ್ಲಿ ಹೇಳಿದರು: "ಅಲ್ಲ ಕಣ್ರೀ, ಊರವರು ನೂರೆಂಟು ವರ್ಷ ಕಾದ್ರು. ನಿಮಗೆ ಕಾಲು ಗಂಟೆ ಕಾಯೋಕಾಗ್ಲಿಲ್ವಾ?"

೩. ಮಾರನೇ ದಿನ

ಒಬ್ಬರು ಒಂದು ವರ್ಷದಲ್ಲಿ ತಪ್ಪಿಸಿಕೊಂಡವರು, ಇನ್ನೊಬ್ಬರು ಕಾಲು ಗಂಟೆಯಲ್ಲಿ. ಇಬ್ಬರೂ ನೋಡದ ಗಳಿಗೆಗಳಿಗಾಗಿ ಇಷ್ಟು ವರ್ಷ ಜಗಳ. ನನ್ನ ಮಗಳು ಇಲ್ಲೇ ಹುಟ್ಟಿದವಳು, ಈಗ ಆನ್ ಆರ್ಬರ್‌ನಲ್ಲಿ ಓದುತ್ತಿದ್ದಾಳೆ. ಒಂದು ಸಲ ಊಟದ ಮಧ್ಯೆ ತಲೆಯೆತ್ತಿ, "ಯು ಗೈಸ್ ನೋ ದಟ್ ಯು ಬೋತ್ ಮಿಸ್ಡ್ ಇಟ್, ರೈಟ್?" ಅಂದಳು. ಭಾವ, "ಅದಕ್ಕೇ ಪುಟ್ಟಿ ಮರೆಯೋಕಾಗ್ತಿಲ್ಲ" ಅಂದರು.

ಮಗಳು ಪ್ರತಿ ಶನಿವಾರ ಅಕ್ಕನ ಮನೆಗೆ ಹೋಗಿ ಸಾರು ಅನ್ನ ಉಂಡು, ಡಬ್ಬಿ ತುಂಬಿಸಿಕೊಂಡು ಹಾಸ್ಟೆಲಿಗೆ ಹೋಗುತ್ತಾಳೆ. ಅಕ್ಕ ಭಾವನಿಗೆ ಮಕ್ಕಳಿಲ್ಲ. ಇವಳೇ ಎಲ್ಲ.

ಆದರೆ ಅಕ್ಕನದು ಒಂದು ಹಳೆಯ ಹಟ ಇದೆ, ಮೈಸೂರಿಗೆ ವಾಪಸ್ ಹೋಗಬೇಕು ಅಂತ. ಅಲ್ಲಿ ಒಂದು ಫ್ಲಾಟ್ ಕೊಂಡು ಬೀಗ ಹಾಕಿಟ್ಟು ಎಷ್ಟೋ ವರ್ಷವಾಯಿತು. ಅವಳ ಮಾತಲ್ಲಿ ದಿನಕ್ಕೊಮ್ಮೆಯಾದರೂ ದೇವರಾಜ ಮಾರ್ಕೆಟ್ಟಿನ ಮಲ್ಲಿಗೆ ಬರುತ್ತದೆ. "ರೀ, ಹೋಗೋದು ಯಾವಾಗ?" ಅಂದರೆ ಭಾವನದು ಒಂದೇ ಉತ್ತರ: "ಡೆಟ್ರಾಯ್ಟ್ ಒಂದ್ಸಲ ಗೆಲ್ಲಲಿ ಕಣೇ. ಮಾರನೇ ದಿನ ಪೆಟ್ಟಿಗೆ ಕಟ್ಟೋಣ." ತಮಾಷೆ ಅಂದುಕೊಳ್ಳಬೇಡಿ. ಭಾವ ಆಡಿದ ಮಾತು ತಪ್ಪಿದ್ದನ್ನು ನಾನು ಕಂಡಿಲ್ಲ.

ಆದ್ದರಿಂದ ಪ್ರತಿ ನವರಾತ್ರಿಯೂ ನಾನು ಗೊಂಬೆಯ ಮುಂದೆ ಕಣ್ಣು ಮುಚ್ಚಿ ನಿಂತು ಬೇಡಿಕೊಳ್ಳುವುದು ಒಂದೇ: ತಾಯಿ, ಡೆಟ್ರಾಯ್ಟ್ ಸೋಲಲಿ. ಆ ಹುಡುಗರ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಆದರೆ ಅವರು ಗೆದ್ದರೆ ನನ್ನ ತವರು ಐದು ಗಂಟೆಯ ಡ್ರೈವಿನಿಂದ ಒಂದು ದಿನದ ವಿಮಾನ ಪ್ರಯಾಣಕ್ಕೆ ಹೋಗುತ್ತದೆ. ಕೇಳದೆ ಬರುವ ಕಾಫಿ ನಿಂತುಹೋಗುತ್ತದೆ.

ಒಮ್ಮೆ ನಾನು ಹೀಗೆ ಗಾಢವಾಗಿ ಪ್ರಾರ್ಥಿಸುತ್ತಿದ್ದಾಗ, ಬಾಯಿಂದ ಹೊರಬಿದ್ದ ಡೆಟ್ರಾಯ್ಟ್ ಅನ್ನುವ ಹೆಸರಷ್ಟೇ ಕೇಳಿಸಿ ಭಾವ ಪಕ್ಕದಲ್ಲಿ ಬಂದು ನಿಂತರು. "ನೋಡಮ್ಮ, ನೀನೊಬ್ಬಳಾದ್ರೂ ನಮ್ಮ ಟೀಮಿಗೋಸ್ಕರ ಇಷ್ಟು ಭಕ್ತಿಯಿಂದ ಬೇಡ್ಕೋತೀಯಲ್ಲ" ಅಂದು ಕಣ್ಣೊರೆಸಿಕೊಂಡರು. ನಾನು ಎರಡು ಹೂವು ಹೆಚ್ಚಿಗೆ ಏರಿಸಿದೆ.

೪. ಅಪ್ಪನ ರೇಡಿಯೋ

ನಾನು ಕೆಲಸ ಮಾಡುವ ಲೈಬ್ರರಿಗೆ ಒಬ್ಬ ತಾತ ಬರುತ್ತಾರೆ. ಶಿಕಾಗೋದಲ್ಲೇ ಹುಟ್ಟಿ ಬೆಳೆದವರು. ಅಕ್ಟೋಬರ್ ಬಂತೆಂದರೆ ಎಲ್ಲರನ್ನೂ ನಿಲ್ಲಿಸಿ, "ನಾವು ಗೆದ್ದಾಗ ನೀವೆಲ್ಲಿದ್ದಿರಿ?" ಅಂತ ಕೇಳುತ್ತಾರೆ. ನನ್ನನ್ನೂ ಕೇಳಿದರು. ಗಂಡನ ಮಾನ ಕಳೆಯುವುದು ಬೇಡವೆಂದು, "ಮನೆಯಲ್ಲಿದ್ದೆ. ನೀವು?" ಅಂದೆ.

ಅವರ ತಂದೆ ಆ ಉತ್ತರದ ತಂಡ ಗೆಲ್ಲುವುದನ್ನು ನೋಡಬೇಕೆಂದು ಜೀವಮಾನವಿಡೀ ಕಾದು, ನೋಡದೆಯೇ ಹೋದರಂತೆ. ಅವರಿಗೆ ಟಿವಿ ಅಂದರೆ ಆಗುತ್ತಿರಲಿಲ್ಲ, ರೇಡಿಯೋನೇ ಬೇಕಿತ್ತು. ಅದಕ್ಕೆ ಕೊನೆಯ ಮ್ಯಾಚಿನ ದಿನ ಈ ತಾತ ಟಿವಿಯ ಪಕ್ಕದಲ್ಲಿ ಅಪ್ಪನ ಕುರ್ಚಿ ಹಾಕಿ, ಅದರ ಮೇಲೆ ಅಪ್ಪನ ಹಳೇ ರೇಡಿಯೋ ಇಟ್ಟು ಅದನ್ನೂ ಹಾಕಿದರು. ಟಿವಿಯಲ್ಲಿ ಎಲ್ಲವೂ ರೇಡಿಯೋಗಿಂತ ಒಂದು ಉಸಿರಿನಷ್ಟು ತಡವಾಗಿ ಬರುತ್ತದೆ. ಟಿವಿಯಲ್ಲಿ ಪಿಚರ್ ಇನ್ನೂ ಚೆಂಡು ಎಸೆದಿರಲಿಲ್ಲ, ಕುರ್ಚಿಯ ಮೇಲಿದ್ದ ರೇಡಿಯೋ ಗೆದ್ದೆವು ಅಂತ ಕೂಗಿಬಿಟ್ಟಿತು.

"ಅಪ್ಪನಿಗೆ ನನಗಿಂತ ಮೊದಲೇ ಗೊತ್ತಾಯಿತು" ಅಂದರು ತಾತ. "ಅದು ನ್ಯಾಯವೇ ಅಲ್ಲವೇ?"

ನಾವೂ ಇದೇ ದಿನಗಳಲ್ಲಿ ಪಿತೃಪಕ್ಷ ಮಾಡುತ್ತೇವೆ, ತೀರಿಕೊಂಡ ಹಿರಿಯರನ್ನು ಊಟಕ್ಕೆ ಕರೆಯುತ್ತೇವೆ, ಅವರಿಗೆ ಇಷ್ಟವಾದದ್ದನ್ನು ಮಾಡಿ ಬಡಿಸುತ್ತೇವೆ ಅಂದೆ. ತಾತ ಬಹಳ ಗಂಭೀರವಾಗಿ ಯೋಚಿಸಿ, "ಹಾಟ್ ಡಾಗ್ ಆದರೆ ಪರವಾಗಿಲ್ಲವೇ?" ಅಂದರು.

ಸಂಜೆ ಮನೆಗೆ ಬಂದು ಇದನ್ನೆಲ್ಲ ಕಣ್ಣು ತುಂಬಿಕೊಂಡು ಹೇಳಿದೆ. ನಮ್ಮನೆಯವರು ಆಕ್ಷೇಪಣೆಯ ದನಿಯಲ್ಲಿ, "ನಿಮ್ಮಪ್ಪನೂ ಒಂದು ರೇಡಿಯೋ ಕೊಟ್ಟಿದ್ರೆ ಆವತ್ತು ನಾನೂ ಎದ್ದಿರ್ತಿದ್ದೆ" ಅಂದರು.

೫. ಇದು ಯಾವ ಅವತಾರ

ಅಕ್ಕನ ಗೊಂಬೆಗಳಲ್ಲಿ ಮಣ್ಣಿನ ಕ್ರಿಕೆಟ್ ಟೀಮ್ ಒಂದಿತ್ತು, ಮೈಸೂರಿಂದ ಹತ್ತಿಯಲ್ಲಿ ಸುತ್ತಿ ತಂದದ್ದು. ರಿಟೈರ್ ಆದ ವರ್ಷ ಭಾವನಿಗೆ ಕೈ ತುಂಬ ಬಿಡುವು. ಸ್ಟಂಪುಗಳನ್ನು ಕಿತ್ತರು. ಎಲ್ಲರಿಗೂ ಡೆಟ್ರಾಯ್ಟ್ ಬಣ್ಣ ಬಳಿದರು. ಮೊದಲೇ ಬಗ್ಗಿ ಕೂತಿದ್ದ ವಿಕೆಟ್ ಕೀಪರನ ಮುಖಕ್ಕೆ ತಂತಿಯ ಜಾಲರಿ ಕಟ್ಟಿ, ಎದೆಗೆ ಕವಚ ಮಾಡಿ ಬೇಸ್‌ಬಾಲಿನ ಕ್ಯಾಚರ್ ಮಾಡಿದರು. ಬೇಸ್‌ಬಾಲಿಗೆ ಒಂಬತ್ತೇ ಜನ ಸಾಕಾದ್ದರಿಂದ ಮಿಕ್ಕಿದ ಇಬ್ಬರನ್ನು ಶಿಕಾಗೋ ಬಣ್ಣದಲ್ಲಿ ಅದ್ದಿ ಮೂಲೆಯಲ್ಲಿ ಮಲಗಿಸಿದರು.

ಕುಂಕುಮಕ್ಕೆ ಪಕ್ಕದ ಬಡಾವಣೆಯ ಹುಡುಗಿ ತನ್ನ ಅತ್ತೆಯನ್ನು ಕರೆದುಕೊಂಡು ಬಂದಳು. ಹುಬ್ಬಳ್ಳಿಯಿಂದ ಆಗಷ್ಟೇ ಬಂದಿದ್ದವರು. ಮೆಟ್ಟಿಲು ಮೆಟ್ಟಿಲಾಗಿ ಎಲ್ಲ ಗೊಂಬೆಗಳಿಗೂ ಕೈ ಮುಗಿಯುತ್ತ ಬಂದು ಕ್ಯಾಚರ್ ಮುಂದೆ ನಿಂತರು. ಬಗ್ಗಿ ಕೂತ ಭಂಗಿ, ಜಾಲರಿಯ ಹಿಂದೆ ಉರಿಗಣ್ಣು, ಮುಂದಕ್ಕೆ ಚಾಚಿದ ದಪ್ಪ ಕೈ.

"ಇದು ಯಾವ ಅವತಾರ ರೀ? ನರಸಿಂಹ ಏನ್ರೀ?"

ಭಾವ ಇಲ್ಲ ಅನ್ನಲಿಲ್ಲ. ಡೆಟ್ರಾಯ್ಟಿಗೆ ಒಂದು ನಮಸ್ಕಾರ ಬೀಳುವುದನ್ನು ಯಾಕೆ ತಪ್ಪಿಸಬೇಕು ಅಂತ ಹೌದೆಂದು ತಲೆಯಾಡಿಸಿದರು. ಆ ತಾಯಿ ಭಕ್ತಿಯಿಂದ ಅಡ್ಡಬಿದ್ದು ಎದ್ದು, ಸುತ್ತ ನೋಡಿದರು.

"ಹಂಗಾರ ಹಿರಣ್ಯಕಶಿಪು ಎಲ್ಲದಾನ್ರೀ?"

ಭಾವ ಸೋಫಾದ ಮೇಲೆ ಚಕ್ಕುಲಿ ತಿನ್ನುತ್ತಿದ್ದ ನನ್ನ ಗಂಡನನ್ನು ತೋರಿಸಿದರು. "ಶಿಕಾಗೋದಿಂದ ಬಂದಿದಾನೆ, ತಾಯಿ."

೬. ಅರಿಶಿನದ ಗಂಟು

ಈಚಿನ ಒಂದು ದಸರಾದಲ್ಲಿ ನನ್ನ ಪ್ರಾರ್ಥನೆ ಕೈಕೊಡುವ ಹಾಗೆ ಕಂಡಿತು. ಡೆಟ್ರಾಯ್ಟ್ ಯಾರೂ ನಿರೀಕ್ಷಿಸದ ಹಾಗೆ ಗೆಲ್ಲತೊಡಗಿತು. ನನಗೆ ಊಟ ಸೇರಲಿಲ್ಲ. ನಾವು ಹಬ್ಬಕ್ಕೆ ಡಿಯರ್‌ಬಾರ್ನ್‌ಗೆ ಹೋದಾಗ ಮಾಳಿಗೆಯ ದೊಡ್ಡ ಸೂಟ್‌ಕೇಸುಗಳು ಹಾಲಿಗೆ ಬಂದಿದ್ದವು. ಭಾವ ಅವುಗಳ ಧೂಳು ಒರೆಸುತ್ತಿದ್ದರು. ಅಕ್ಕ ಮಲ್ಲಿಗೆಯ ಸುದ್ದಿಯನ್ನೇ ಎತ್ತಲಿಲ್ಲ.

ವಿಜಯದಶಮಿಯ ಮಧ್ಯಾಹ್ನ ಮ್ಯಾಚು. ಗೆದ್ದರೆ ಮುಂದಿನ ಸುತ್ತು, ಅಲ್ಲಿಂದ ಫೈನಲ್. ಸೋತರು. ವಿಜಯದಶಮಿಯ ದಿನವೇ ಸೋತರಲ್ಲ ಅಂತ ಭಾವ ಹೋಳಿಗೆ ಮುಟ್ಟಲಿಲ್ಲ. ಬನ್ನಿ ಎಲೆ ಸಿಗದೆ ನಾವು ಹಿತ್ತಲಿನ ಮೇಪಲ್ ಎಲೆಯನ್ನೇ ಹಂಚುವುದು ರೂಢಿ, ಹೇಗೂ ಆ ಹೊತ್ತಿಗೆ ಅದು ಬಂಗಾರದ ಬಣ್ಣಕ್ಕೆ ತಿರುಗಿರುತ್ತದೆ. ನಮ್ಮನೆಯವರು ಒಂದು ಎಲೆ ಕೊಟ್ಟು, "ಬಂಗಾರದ ಹಾಗಿರೋಣ ಭಾವ" ಅಂದರು. "ಎಲ್ಲಿಯ ಬಂಗಾರ, ಬೆಳ್ಳೀನೂ ಸಿಗ್ಲಿಲ್ಲ ಕಣ್ರೀ" ಅಂದರು ಭಾವ. ಒಳಗೊಳಗೆ ನಾನು ಕುಣಿಯುತ್ತಿದ್ದೆ. ಆದರೆ ಅವರ ಮುಖ ನೋಡಿ ಆ ಕುಣಿತವೂ ರುಚಿಸಲಿಲ್ಲ.

ಮಾರನೇ ಬೆಳಿಗ್ಗೆ, ಹಬ್ಬಕ್ಕೆ ಬಂದಿದ್ದ ಮಗಳೂ ಸೇರಿ, ಗೊಂಬೆ ಇಳಿಸಲು ಕೂತೆವು. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳು, ಅಕ್ಕನ ಮದುವೆಯಲ್ಲಿ ಅಮ್ಮ ಕೊಟ್ಟ ರಾಜ ರಾಣಿ. ಭಾವ ಎತ್ತರದವರಾದ್ದರಿಂದ ಅವರೇ ಕೈ ಚಾಚಿ ರಾಣಿಯನ್ನು ತೆಗೆದರು. ಅದರ ಹಿಂದೆ ಅರಿಶಿನದ ಬಟ್ಟೆಯ ಪುಟ್ಟ ಪುಟ್ಟ ಗಂಟುಗಳು, ಸಾಲಾಗಿ.

"ಏನೇ ಇದು?"

"ಮುಡಿಪು" ಅಂದಳು ಅಕ್ಕ. "ನಂಜನಗೂಡಿನ ದೇವರಿಗೆ. ವರ್ಷಕ್ಕೊಂದು ಕಟ್ಟಿದೀನಿ." ಬೇಡಿದ್ದು ನಡೆದರೆ ದೇವಸ್ಥಾನಕ್ಕೆ ಕೊಂಡುಹೋಗಿ ಒಪ್ಪಿಸುತ್ತೇನೆ ಅಂತ ಕಾಸು ಕಟ್ಟಿಡುವ ಹರಕೆ ಅದು.

"ಯಾತಕ್ಕೆ?"

"ಡೆಟ್ರಾಯ್ಟ್‌ಗೆ."

ಭಾವನ ಕಣ್ಣು ತೇವವಾಯಿತು. "ನೋಡಿದ್ರೇನ್ರೀ ಶಿಕಾಗೋ! ಇಷ್ಟು ವರ್ಷ ನನಗೊಂದು ಮಾತು ಹೇಳದೆ, ನನ್ನ ಟೀಮ್ ಗೆಲ್ಲಲಿ ಅಂತ..."

"ಗೆಲ್ಲಲಿ ಅಂತಲ್ಲ ರೀ" ಅಂದಳು ಅಕ್ಕ.

ಭಾವ ರಾಣಿಯನ್ನು ಎದೆಗವಚಿಕೊಂಡೇ ಗೊಂಬೆಯ ಪೆಟ್ಟಿಗೆಯ ಮೇಲೆ ಕೂತರು.

"ನಾನು ಪಿಚರುಗಳನ್ನ ಬೈದೆ. ಕೋಚುಗಳನ್ನ ಬೈದೆ. ಟೀಮಿನ ಓನರ್‌ನ ಬೈದೆ. ಸೋಲಿಸಿದ್ದು ನಮ್ಮನೆ ದೇವರಾ! ಅಲ್ಲ ಕಣೇ, ಮೈಸೂರಿಗೆ ಹೋಗೋಣ ಹೋಗೋಣ ಅಂತ ದಿನಾ ಪ್ರಾಣ ತಿಂತಿದ್ದವಳು ನೀನೇ ಅಲ್ವಾ?"

"ಆ ಆಸೆ ಸುಳ್ಳಲ್ಲ ರೀ" ಅಂದಳು ಅಕ್ಕ. ಅವಳ ದನಿ ಸಣ್ಣಗಾಗಿತ್ತು. "ಇಲ್ಲಿ ಕೂತು ಮೈಸೂರು ನೆನೆಸ್ಕೊಳ್ಳೋದು ನನಗೆ ಅಭ್ಯಾಸ ಆಗಿದೆ. ಅಲ್ಲಿಗೆ ಹೋದ್ರೆ ಇವಳನ್ನ, ಮಗೂನ, ಶನಿವಾರದ ಸಾರನ್ನ ನೆನೆಸ್ಕೊಂಡು ಕೂರಬೇಕು. ಈ ವಯಸ್ಸಲ್ಲಿ ಇನ್ನೊಂದು ಊರನ್ನ ನೆನೆಸ್ಕೊಳ್ಳೋದು ಹೊಸದಾಗಿ ಕಲೀಲಾ?"

ನನಗೆ ಅಳು ಬಂತು. ಅದನ್ನು ಮುಚ್ಚಿಕೊಳ್ಳಲು ನರಸಿಂಹನನ್ನು ಪೇಪರಿನಲ್ಲಿ ಸುತ್ತತೊಡಗಿದೆ. ಭಾವ ನನ್ನ ಕಡೆ ತಿರುಗಿದರು. "ನೀನೇ ಹೇಳಮ್ಮ, ಅಷ್ಟು ಭಕ್ತಿಯಿಂದ ಬೇಡ್ಕೋತಿದ್ದವಳು. ನಿಮ್ಮಕ್ಕ ಮಾಡಿದ್ದು ಸರೀನಾ?"

"ಛೆ ಛೆ" ಅಂದೆ. "ಅಕ್ಕ ಹೀಗೆ ಮಾಡಬಾರದಿತ್ತು ಭಾವ."

ಅಕ್ಕ ನನ್ನನ್ನು ಒಂದು ನೋಟ ನೋಡಿದಳು. ನನ್ನ ಗುಟ್ಟು ಬಿಟ್ಟುಕೊಡಲಿಲ್ಲ. ಅಕ್ಕ ಅಂದರೆ ಅಷ್ಟೇ.

ಆಗ ನಮ್ಮನೆಯವರು ಬಾಯಿ ಹಾಕಿದರು. "ಆದ್ರೆ ಭಾವ, ದೇವರು ವರ್ಷಾ ವರ್ಷಾ ಕೇಳಿದ್ದನ್ನ ಮಾಡಿಕೊಟ್ಟಿದಾನೆ. ನಾವು ಒಂದು ಹರಕೆನೂ ತೀರಿಸಿಲ್ಲ. ಇದು ಒಳ್ಳೇದಲ್ಲ."

ಭಾವ ಗಂಟುಗಳನ್ನೇ ನೋಡಿದರು. "ಹೌದು, ಒಪ್ಪಿಸಲೇಬೇಕು. ಪುಟ್ಟಿ, ಬೆಂಗಳೂರಿಗೆ ಟಿಕೆಟ್ ನೋಡು."

ಮಗಳು ಫೋನ್ ತೆಗೆದು ಒತ್ತಿ, ತಲೆಯೆತ್ತಿದಳು. "ದೊಡ್ಡಪ್ಪಾ, ಒನ್ ವೇ ಆರ್ ರೌಂಡ್ ಟ್ರಿಪ್?"

ಅಕ್ಕ ಬಟ್ಟೆ ಮಡಿಸುವುದನ್ನು ನಿಲ್ಲಿಸಿದಳು. ಭಾವ ಸೂಟ್‌ಕೇಸುಗಳನ್ನು ನೋಡಿದರು, ಅಕ್ಕನನ್ನು ನೋಡಿದರು, ಮಡಿಲಲ್ಲಿದ್ದ ಪಟ್ಟದ ರಾಣಿಯನ್ನು ನೋಡಿದರು.

"ರೌಂಡ್ ಟ್ರಿಪ್" ಅಂದರು. "ಮಾರ್ಚ್ ಕೊನೆಗೆ ವಾಪಸ್ ಬರೋ ಹಾಗೆ ನೋಡು. ಸೀಸನ್ ಶುರುವಾಗುತ್ತೆ."

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಒಂದು ನಿಮಿಷ ಬಿಟ್ಟು ಅವಳಿಗೆ ಹೊಸ ಗಾಬರಿ ಶುರುವಾಯಿತು. "ರೀ, ಹರಕೆ ತೀರಿಸಿ ಬಂದ್ಮೇಲೆ ಡೆಟ್ರಾಯ್ಟ್ ನಿಜವಾಗ್ಲೂ ಗೆದ್ದುಬಿಟ್ರೆ? ನೀವು ಆಡಿದ ಮಾತು?"

ಭಾವ ನಮ್ಮನೆಯವರ ಹೆಗಲ ಮೇಲೆ ಕೈ ಹಾಕಿದರು.

"ನಾನು ನೋಡದೇ ಇದ್ದದ್ದು ಲೆಕ್ಕಕ್ಕಿಲ್ಲ ಕಣೇ. ಅವರು ಗೆಲ್ಲೋ ಹಾಗೆ ಕಂಡ ತಕ್ಷಣ, ಮಳೆ ಬಂತು ಅಂತ ಟಿವಿ ಆರಿಸಿ ಮಲಗಿಬಿಡ್ತೀನಿ. ಹೇಗೆ ಅಂತ ಶಿಕಾಗೋ ಹೇಳಿಕೊಡ್ತಾರೆ."